ಕೊಡಗಿಗೆ ಕಾರಲ್ಲಿ ಬರೋದಾ, ಬಸ್ಸಲ್ಲಾ?

ರಜೆ ಹತ್ತಿರ ಬಂತು ಅಂದ್ರೆ ನನ್ನ ಫೋನಿಗೆ ಬರುವ ಮೊದಲ ಪ್ರಶ್ನೆ ಇದೇ. "ನಾಲ್ಕು ಜನ ಬರ್ತಾ ಇದ್ದೀವಿ, ಕಾರು ತರೋದಾ, ಬಸ್ಸಲ್ಲಿ ಬರೋದಾ?" ಮಡಿಕೇರಿಯಲ್ಲೇ ಹುಟ್ಟಿ ಬೆಳೆದ ನಾನು ಅದಕ್ಕೆ ತಿರುಗಿ ಕೇಳುವುದು ಒಂದೇ ಮಾತು. ಉಳಿದುಕೊಳ್ಳುವುದು ಎಲ್ಲಿ, ಊರೊಳಗಾ, ತೋಟದೊಳಗಾ? ಅದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ಉತ್ತರ, ನಿಮ್ಮಲ್ಲಿ ಸ್ಟೀರಿಂಗ್ ಹಿಡಿಯುವವರು ಯಾರು, ಅವರಿಗೂ ಇದು ರಜೆಯೇ ಅಲ್ವಾ ಅನ್ನುವುದರಲ್ಲಿದೆ.

ನನ್ನ ಭಾವ ಎಂಟು ವರ್ಷ ಸತತವಾಗಿ ಬೆಂಗಳೂರಿಂದ ಕಾರು ಓಡಿಸಿಕೊಂಡೇ ಬಂದರು. ಬೆಳಗಿನ ಜಾವ ಹೊರಟು, ಇಲ್ಲಿ ತಿಂಡಿ ತಿಂದು, ಅವತ್ತೇ ತಲಕಾವೇರಿ ನೋಡಿ, ಸಂಜೆ ಜಗಲಿಯಲ್ಲಿ ಭುಜ ಒತ್ತಿಕೊಳ್ಳುತ್ತಾ ಕೂರುತ್ತಿದ್ದರು. ಒಂದು ಸಲ ಕಾರು ರಿಪೇರಿಗೆ ಬಿಟ್ಟಿದ್ದರಿಂದ ಬಸ್ಸಲ್ಲಿ ಬಂದರು. ಸುಂಟಿಕೊಪ್ಪ ದಾಟಿದ ಮೇಲೆ ನನಗೆ ಫೋನ್ ಮಾಡಿ, "ಇಲ್ಲಿ ಎಲ್ಲಾ ಮರಕ್ಕೂ ಒಂದು ಬಳ್ಳಿ ಹಬ್ಬಿಸಿದ್ದಾರಲ್ಲ, ಅದೇನು?" ಅಂತ ಕೇಳಿದರು. ಕರಿಮೆಣಸು! ಎಂಟು ವರ್ಷ ಅದರ ಪಕ್ಕದಲ್ಲೇ ಓಡಾಡಿದ ಮನುಷ್ಯ ಅವತ್ತೇ ಮೊದಲ ಸಲ ಅದನ್ನು ನೋಡಿದ್ದು. ಅವತ್ತಿಂದ ನಾನು ಯಾರು ಕೇಳಿದರೂ ಬಸ್ಸಿನ ಬಗ್ಗೆ ಒಂದು ಮಾತು ಹೇಳಿಯೇ ಹೇಳುತ್ತೇನೆ.

ಮೊದಲು ದಾರಿ ನೋಡೋಣ. ಕೊಡಗಿಗೆ ರೈಲಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಹೇಗೆ ಬಂದರೂ ಕೊನೆಗೆ ರಸ್ತೆಯೇ ಗತಿ. ಬೆಂಗಳೂರಿಂದ ಮಡಿಕೇರಿಗೆ ಸುಮಾರು 260 ಕಿಲೋಮೀಟರ್, ಮೈಸೂರಿಂದ 120ರ ಆಸುಪಾಸು, ಮಂಗಳೂರಿಂದ ಸಂಪಾಜೆ ಘಾಟಿ ಹತ್ತಿ ಬಂದರೆ 140ರ ಹತ್ತಿರ. ಬೆಂಗಳೂರಿನಿಂದ ಬರುವ ಕೆಎಸ್‌ಆರ್‌ಟಿಸಿ ಬಸ್ಸುಗಳು ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಹೊರಡುತ್ತವೆ. ಸುಮಾರು ಆರು ಗಂಟೆ ದಾರಿ. ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಮೈಸೂರಿನ ತನಕ ರೈಲಲ್ಲಿ ಕಾಲು ಚಾಚಿ ಬಂದು, ಅಲ್ಲಿಂದ ಬಸ್ಸು ಹಿಡಿಯುವುದು. ಮೈಸೂರು, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಸುಂಟಿಕೊಪ್ಪ, ಮಡಿಕೇರಿ, ಈ ಸಾಲಿನಲ್ಲಿ ದಿನವಿಡೀ ಬಸ್ಸುಗಳಿವೆ. ಕಾಯುವುದು ಜಾಸ್ತಿ ಇರುವುದಿಲ್ಲ.

ಖರ್ಚಿನ ಲೆಕ್ಕ ಹೀಗೆ ಹಾಕಿ. ಬೆಂಗಳೂರಿಂದ ಹೋಗಿ ಬರಲು 520 ಕಿಲೋಮೀಟರ್, ಇಲ್ಲಿ ಎರಡು ದಿನದ ತಿರುಗಾಟಕ್ಕೆ ಇನ್ನೊಂದು 180 ಸೇರಿಸಿ, ಒಟ್ಟು 700. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೂ 46-47 ಲೀಟರ್ ಬೇಕು, ಘಾಟಿಯಲ್ಲಿ ಮೈಲೇಜ್ ಇನ್ನೂ ಕಮ್ಮಿಯಾಗುತ್ತದೆ. ಮೇಲೆ ಮೈಸೂರು ಹೆದ್ದಾರಿಯ ಟೋಲ್, ಎರಡೂ ಕಡೆಗೆ. ನಾಲ್ಕೈದು ಜನ ಹಂಚಿಕೊಂಡರೆ ಕಾರು ದುಬಾರಿಯಲ್ಲ. ಇಬ್ಬರೇ ಆದರೆ ಬಸ್ಸಿಗೇ ಗೆಲುವು. ಅದರಲ್ಲೂ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೇ ಇಲ್ಲ. ಆಧಾರ್ ಥರದ ಗುರುತಿನ ಚೀಟಿ ಕೈಯಲ್ಲಿರಲಿ. ರಾಜಹಂಸ, ಐರಾವತದಲ್ಲಿ ಅದು ನಡೆಯುವುದಿಲ್ಲ, ಕೊಡಗಿನ ಒಳಗೆ ಓಡುವ ಖಾಸಗಿ ಬಸ್ಸಿನಲ್ಲೂ ಇಲ್ಲ. ಬೈಕಲ್ಲಿ ಬರುವವರಿಗೆ ಒಂದು ಮಾತು: 2023ರ ಆಗಸ್ಟಿನಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಒಂದು ಗಂಟೆ ಜಾಸ್ತಿ ಇಟ್ಟುಕೊಳ್ಳಿ.

ನೀವು ಮಡಿಕೇರಿ ಊರೊಳಗೇ ಉಳಿಯುವುದಾದರೆ ಕಾರು ತರಲೇಬೇಡಿ ಅನ್ನುತ್ತೇನೆ. ಕೋಟೆ, 1820ರ ಓಂಕಾರೇಶ್ವರ ದೇವಸ್ಥಾನ, ರಾಜಾಸೀಟು, ಎಲ್ಲವೂ ಬಸ್ ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿವೆ. ಏರು ಇದೆ, ನಿಜ, ಆದರೆ ತಂಪು ಹವೆಯಲ್ಲಿ ಅದು ಗೊತ್ತಾಗುವುದಿಲ್ಲ. ಕಾರಿದ್ದರೆ ಆಗುವುದೇ ಬೇರೆ. ಶನಿವಾರ ಸಂಜೆ ರಾಜಾಸೀಟಿನಲ್ಲಿ ಸೂರ್ಯ ಮುಳುಗುವ ಹೊತ್ತಿಗೆ ಪಾರ್ಕಿಂಗ್ ಹುಡುಕುತ್ತಾ ಮೂರು ಸುತ್ತು ಹಾಕುವವರನ್ನು ನಾನು ವಾರ ವಾರ ನೋಡುತ್ತೇನೆ. ಹೆಂಡತಿ ಮಕ್ಕಳು ಇಳಿದು ಹೋಗಿರುತ್ತಾರೆ, ಗಾಡಿಯವರು ಮಾತ್ರ ಒಬ್ಬರೇ ತಿರುಗುತ್ತಿರುತ್ತಾರೆ, ಅಷ್ಟರಲ್ಲಿ ಸೂರ್ಯ ಇಳಿದಾಗಿರುತ್ತದೆ. ಶುಕ್ರವಾರ ಮಡಿಕೇರಿ ಸಂತೆ, ಅವತ್ತು ಇನ್ನೂ ಕಷ್ಟ.

ಊರ ಹೊರಗಿನ ಜಾಗಗಳಿಗೆ ಒಂದು ದಿನಕ್ಕೆ ಇಲ್ಲಿಯ ಟ್ಯಾಕ್ಸಿ ಅಥವಾ ಜೀಪು ಮಾತಾಡಿಕೊಂಡರೆ ಸಾಕು. ಮಾತಾಡುವಾಗ ಜಾಗಗಳ ಹೆಸರು ಹೇಳಿ, ಕಾಯುವುದೂ ಸೇರಿ ಒಟ್ಟು ಎಷ್ಟು ಅಂತ ಕೇಳಿ. ಸುಮ್ನೆ "ಸುತ್ತಾಡಿಸಿ" ಅಂದರೆ ಕೊನೆಗೆ ಇಬ್ಬರಿಗೂ ಬೇಜಾರು. ಕುಶಾಲನಗರದ ಸುತ್ತ ಇರುವ ಕಾವೇರಿ ನಿಸರ್ಗಧಾಮ, ನದಿಯಾಚೆ ಬೈಲಕುಪ್ಪೆಯ ಟಿಬೆಟಿಯನ್ನರ ಸ್ವರ್ಣ ಮಂದಿರ, ಇವೆರಡಕ್ಕೆ ಆಟೋನೇ ಸಾಕು. ಆನೆ ಶಿಬಿರ ಇರುವ ದುಬಾರೆಗೆ ಹೇಗೆ ಹೋದರೂ ಕೊನೆಗೆ ಗಾಡಿಯನ್ನು ಈ ದಡದಲ್ಲಿ ಬಿಟ್ಟು ಕಾವೇರಿ ದಾಟಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿ ನಿಲ್ಲಿಸುತ್ತಾರೆ, ಮೊದಲೇ ವಿಚಾರಿಸಿ.

ಬೆಟ್ಟದ ಮೇಲಿಂದ ಸುತ್ತಲ ಗುಡ್ಡ ಕಣಿವೆ ನೋಡುವ ಜಾಗ ಮಾಂದಲಪಟ್ಟಿ. ಅದರ ವಿಷಯದಲ್ಲಿ ಮಾತ್ರ ನನ್ನದು ಒಂದೇ ಹಟ. ಸ್ವಂತ ಕಾರು ಬೇಡ. ಮಡಿಕೇರಿಯಿಂದ ಸುಮಾರು 25 ಕಿಲೋಮೀಟರ್, ಸುಮಾರಷ್ಟು ದೂರ ರಸ್ತೆ ಚೆನ್ನಾಗೇ ಇರುತ್ತದೆ, ಅದೇ ಮೋಸ. ಕೊನೆಯ ಕೆಲವು ಕಿಲೋಮೀಟರಲ್ಲಿ ಡಾಂಬರು ಮುಗಿದು, ಕಲ್ಲು, ಕೆಸರು, ನೀರು ಕೊರೆದ ಗುಂಡಿ ಶುರುವಾಗುತ್ತದೆ. ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಕಣಿವೆ. ಎದುರಿಗೆ ಜೀಪು ಬಂದರೆ ಒಬ್ಬರು ಹಿಂದಕ್ಕೆ ಹೋಗಲೇಬೇಕು. ಒಂದು ಸಲ ನಮ್ಮ ಮುಂದೆ ಒಂದು ಚಿಕ್ಕ ಕಾರು ಸಿಕ್ಕಿಕೊಂಡಿತ್ತು. ಚಕ್ರ ನಿಂತಲ್ಲೇ ಗಿರಗಿರ ತಿರುಗುತ್ತಿತ್ತು, ಕ್ಲಚ್ ಸುಟ್ಟ ವಾಸನೆ ನಮ್ಮ ಜೀಪಿನ ತನಕ ಬರುತ್ತಿತ್ತು, ಹಿಂದಿನ ಸೀಟಿನಲ್ಲಿ ಒಬ್ಬರು ಅಜ್ಜಿ ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ನಮ್ಮ ಜೀಪಿನ ಡ್ರೈವರಣ್ಣ ಇಳಿದು ಹೋಗಿ, ಮೊದಲು ಅಜ್ಜಿಯನ್ನು ಕೈ ಹಿಡಿದು ಇಳಿಸಿ, ಆಮೇಲೆ ಚಕ್ರದಡಿ ಕಲ್ಲು ಕೊಟ್ಟು, ತಾವೇ ಕೂತು ಕಾರನ್ನು ಹಿಂದಕ್ಕೆ ಇಳಿಸಿಕೊಟ್ಟರು. "ಸಾರ್, ಇಲ್ಲಿ ಕಾರಿಗೆ ಕಾಲಿಲ್ಲ, ಬಿಟ್ಟು ಬನ್ನಿ" ಅಂದರು. ಅಷ್ಟೇ ಮಾತು.

ಅಲ್ಲಿಗೆ ಫೋರ್‌ವೀಲ್ ಜೀಪುಗಳು ಮಡಿಕೇರಿಯಿಂದಲೇ ಸಿಗುತ್ತವೆ. ಜನರ ಲೆಕ್ಕವಲ್ಲ, ಸಾಮಾನ್ಯವಾಗಿ ಒಂದು ಜೀಪಿಗೆ ಇಷ್ಟು ಅಂತ ಬಾಡಿಗೆ. ಹಾಗಾಗಿ ನೀವು ಇಬ್ಬರೇ ಇದ್ದರೆ, ಉಳಿದುಕೊಂಡಲ್ಲಿ ಇನ್ನೊಂದು ಜೋಡಿ ಬರುತ್ತಾರಾ ಕೇಳಿ ನೋಡಿ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಕೊಡುವ ದುಡ್ಡು ಬಾಡಿಗೆಯೊಳಗೆ ಸೇರಿದೆಯಾ ಅನ್ನುವುದನ್ನೂ ಹತ್ತುವ ಮೊದಲೇ ಕೇಳಿ. ಸೊಂಟ ನೋವಿರುವವರು, ಬಸುರಿಯರು ಆ ಕುಲುಕಾಟಕ್ಕೆ ಹೋಗಬೇಡಿ.

ಹಾಗಾದರೆ ಕಾರು ಯಾವಾಗ ತರಬೇಕು? ತೋಟದೊಳಗಿನ ಹೋಂಸ್ಟೇ ಆದರೆ, ಚಿಕ್ಕ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ, ಇಲ್ಲಾ ದಕ್ಷಿಣ ಕೊಡಗು ನಿಧಾನವಾಗಿ ನೋಡಬೇಕಿದ್ದರೆ. ಇರ್ಪು ಜಲಪಾತ, ಕುಟ್ಟ, ಕಕ್ಕಬ್ಬೆಯ ನಾಲ್ಕುನಾಡು ಅರಮನೆ, ಅಲ್ಲಿಂದ ಹತ್ತುವ 1,748 ಮೀಟರ್ ಎತ್ತರದ ತಡಿಯಂಡಮೋಳ್, ಈ ಕಡೆಗೆಲ್ಲ ಬಸ್ಸಿವೆ, ಆದರೆ ಕಮ್ಮಿ. ಒಂದು ತಪ್ಪಿದರೆ ದಿನದ ಯೋಜನೆಯೇ ತಲೆಕೆಳಗು. ಹೋಂಸ್ಟೇ ಬುಕ್ ಮಾಡುವ ಮೊದಲು ಒಂದು ಫೋನ್ ಮಾಡಿ, "ಡಾಂಬರು ರಸ್ತೆಯಿಂದ ನಿಮ್ಮ ಅಂಗಳಕ್ಕೆ ಎಷ್ಟು ದೂರ, ಮಳೆ ಬಂದರೆ ಕಾರು ಬರುತ್ತಾ?" ಅಂತ ಕೇಳಿ. ನನ್ನ ಸ್ನೇಹಿತೆಯೊಬ್ಬಳು ಊರಿಗೆ ಹತ್ತಿರ ಅನ್ನುವ ಜಾಹೀರಾತು ನಂಬಿ ಹೋಗಿ, ರಾತ್ರಿ ಎಂಟಕ್ಕೆ ಕಾಫಿ ಗಿಡಗಳ ನಡುವಿನ ಮಣ್ಣಿನ ದಾರಿಯಲ್ಲಿ, ನೆಟ್‌ವರ್ಕ್ ಇಲ್ಲದೆ ಅತ್ತಿದ್ದಾಳೆ. ಎಷ್ಟೋ ಮನೆಯವರು ಮುಖ್ಯ ರಸ್ತೆಗೆ ತಮ್ಮ ಜೀಪು ಕಳಿಸುತ್ತಾರೆ. ಹಾಗಿದ್ದರೆ ಮತ್ತೆ ಬಸ್ಸಲ್ಲೇ ಬರಬಹುದಲ್ಲ!

ಕಾರು ತಂದಿರಾ? ಘಾಟಿಯ ನಿಯಮ ಗೊತ್ತಿರಲಿ. ಹತ್ತುವ ಗಾಡಿಗೆ ಮೊದಲು ದಾರಿ, ಇಳಿಯುವವರು ನಿಂತು ಬಿಡಬೇಕು. ತಿರುವಿನಲ್ಲಿ ಬಸ್ಸು ಬರುವುದು ಕಂಡರೆ ತಿರುವಿಗೆ ಮುಂಚೆಯೇ ನಿಲ್ಲಿ, ಅದಕ್ಕೆ ತಿರುಗಲು ರಸ್ತೆ ಪೂರ್ತಿ ಬೇಕು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ, ಎರಡನೆಯದು ಇಲ್ಲಾ ಮೂರನೆಯದು. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವುದಂತೂ ಖಂಡಿತ ಬೇಡ, ಆಗ ಎಂಜಿನ್ ಗಾಡಿಯನ್ನು ಹಿಡಿಯುವುದಿಲ್ಲ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಆಟೋಮ್ಯಾಟಿಕ್ ಗಾಡಿಯಲ್ಲೂ ಕೆಳಗಿನ ಗೇರಿಗೆ ಹಾಕುವ ದಾರಿ ಇರುತ್ತದೆ, ಮನೆಯಲ್ಲೇ ಕಲಿತುಕೊಂಡು ಬನ್ನಿ. ಬ್ರೇಕ್ ಸುಟ್ಟ ವಾಸನೆ ಬಂತಾ, ಪೆಡಲ್ ಮೆತ್ತಗಾಯಿತಾ, ಅಗಲ ಇರುವ ಜಾಗ ನೋಡಿ ನಿಲ್ಲಿಸಿ. ಅರ್ಧ ಗಂಟೆ ಆರಲು ಬಿಡಿ. ಬಿಸಿ ಬ್ರೇಕಿಗೆ ನೀರು ಹೊಯ್ಯಬೇಡಿ.

ಮಂಜು ಬಿದ್ದಾಗ ಹೈ ಬೀಮ್ ಹಾಕಿದರೆ ಬೆಳಕು ತಿರುಗಿ ನಿಮ್ಮ ಕಣ್ಣಿಗೇ ಹೊಡೆಯುತ್ತದೆ. ಲೋ ಬೀಮ್ ಹಾಕಿ, ಕಿಟಕಿ ಸ್ವಲ್ಪ ಇಳಿಸಿ, ಕಿವಿಯನ್ನೂ ರಸ್ತೆಗೆ ಕೊಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೊರಡುವ ದಿನ ಬೆಳಗ್ಗೆ ರಸ್ತೆಯ ಸುದ್ದಿ ಕೇಳಿಯೇ ಹೊರಡಿ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಮದೆನಾಡು, ಜೋಡುಪಾಲದ ಕಡೆ ರಸ್ತೆಯೇ ಕೊಚ್ಚಿಹೋಗಿತ್ತು, ಮಂಗಳೂರು ದಾರಿ ವಾರಗಟ್ಟಲೆ ಮುಚ್ಚಿತ್ತು. ಆ ದಿನಗಳನ್ನು ಕಂಡ ನಮಗೆ ಜೋರು ಮಳೆಯಲ್ಲಿ ಯಾರಾದರೂ ಘಾಟಿ ಇಳಿಯುತ್ತೇನೆ ಅಂದರೆ ಈಗಲೂ ಎದೆ ಝಲ್ ಅನ್ನುತ್ತದೆ. ದಯವಿಟ್ಟು ಒಂದು ದಿನ ಜಾಸ್ತಿ ಉಳಿದುಕೊಳ್ಳಿ, ಕೆಲಸ ಓಡಿಹೋಗುವುದಿಲ್ಲ.

ಕತ್ತಲಾದ ಮೇಲೆ ಓಡಿಸಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣ ಆನೆ. ಹುಣಸೂರಿಂದ ಆನೆಚೌಕೂರು, ತಿತಿಮತಿ ಮೇಲೆ ಗೋಣಿಕೊಪ್ಪಕ್ಕೆ ಬರುವ ದಾರಿ ಕಾಡಿನೊಳಗೇ ಇದೆ. ಸಿದ್ದಾಪುರ, ಅಮ್ಮತ್ತಿ ಕಡೆ ಕಾಡೂ ಬೇಡ, ತೋಟದೊಳಗೇ ಆನೆಗಳಿವೆ, ಮುಂಜಾನೆ, ಸಂಜೆ ರಸ್ತೆ ದಾಟುತ್ತವೆ. ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಲೈಟ್ ಮಿಣುಕಿಸುವುದು ಬೇಡ, ಫೋಟೋಗೆ ಇಳಿಯುವುದಂತೂ ಬೇಡವೇ ಬೇಡ. ಹಿಂದಕ್ಕೆ ಹೋಗಲು ಜಾಗ ಇರಲಿ. ನಾಗರಹೊಳೆ ಮೂಲಕ ಕುಟ್ಟಕ್ಕೆ ಹೋಗುವ ರಸ್ತೆಯ ಅರಣ್ಯ ಗೇಟು ಸಂಜೆ 6ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ, ಮ್ಯಾಪ್ ಅದನ್ನು ತೋರಿಸಿತು ಅಂತ ಸಂಜೆ ಹೊರಡಬೇಡಿ.

ಎರಡು ಸಂದರ್ಭದಲ್ಲಿ ಕಾರಿನ ಆಸೆ ಪೂರ್ತಿ ಬಿಟ್ಟುಬಿಡಿ. ಒಂದು ಮಡಿಕೇರಿ ದಸರಾ. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮೆರವಣಿಗೆ ಮಂಟಪಗಳು ಬೆಳಗಿನ ತನಕ ಬೀದಿಯಲ್ಲಿರುತ್ತವೆ, ಗಾಡಿ ಒಳಗೆ ತಂದರೆ ಹೊರಗೆ ತೆಗೆಯುವ ಹಾಗಿಲ್ಲ. ಇನ್ನೊಂದು ಅಕ್ಟೋಬರ್ ಮಧ್ಯದ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ, ಅಂದರೆ ಕುಂಡಿಕೆಯಲ್ಲಿ ಕಾವೇರಿ ಉಕ್ಕುವ ದಿನ. ಭಾಗಮಂಡಲದಿಂದ ಮೇಲಕ್ಕೆ 8 ಕಿಲೋಮೀಟರ್ ಕಿರಿದಾದ ಏರು ರಸ್ತೆ, ಜನವೋ ಜನ. ಭಾಗಮಂಡಲದ ತನಕ ಬಂದು, ಅಲ್ಲಿಂದ ಬಸ್ಸು ಹತ್ತುವುದು, ಗಟ್ಟಿಗರಾದರೆ ನಡೆಯುವುದು.

ಬಸ್ಸಲ್ಲಿ ಬರುವವರಿಗೆ ಹೇಳಬೇಕಾದ್ದು ಸ್ವಲ್ಪವೇ. ತಿರುವಿಗೆ ತಲೆ ಸುತ್ತುವವರು ಹಿಂದಿನ ಸೀಟಿಗೆ ಹೋಗಬೇಡಿ, ಮುಂದೆ ಕಿಟಕಿ ಪಕ್ಕ ಕೂತು ದೂರ ನೋಡಿ, ಫೋನ್ ಒಳಗಿಡಿ. ಹುಣಸೂರಲ್ಲಿ ಎರಡು ಇಡ್ಲಿ ಸಾಕು, ಮಸಾಲೆ ದೋಸೆ ಬೇಡ. ರೇನ್‌ಕೋಟು, ಟಾರ್ಚು ಕೈಚೀಲದಲ್ಲೇ ಇರಲಿ. ಹಳ್ಳಿ ಕಡೆ ಇಳಿಯುವಾಗಲೇ ಕಂಡಕ್ಟರ್ ಹತ್ತಿರ "ಅಣ್ಣಾ, ವಾಪಸ್ ಲಾಸ್ಟ್ ಬಸ್ ಎಷ್ಟೊತ್ತಿಗೆ?" ಅಂತ ಕೇಳಿ. ಕೇಳಿದ್ದನ್ನು ಅಂಗಡಿಯವರಲ್ಲಿ ಇನ್ನೊಮ್ಮೆ ಕೇಳಿ, ಇಬ್ಬರೂ ಒಂದೇ ಹೊತ್ತು ಹೇಳಿದರೆ ನಂಬಿ. ಅದಕ್ಕಿಂತ ಮುಂಚೆ ಹೊರಡುವ ಬಸ್ಸಿಗೇ ಬಂದು ನಿಲ್ಲಿ. ಇಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ.

ಭಾನುವಾರ ಸಂಜೆ ಬೆಂಗಳೂರಿಗೆ ವಾಪಸ್ ಹೋಗುವ ಸೀಟನ್ನು ಮಾತ್ರ ಬರುವ ಮೊದಲೇ ಬುಕ್ ಮಾಡಿ. ಭಾವ ಈಗ ಹಾಗೇ ಮಾಡುವುದು, ಕಿಟಕಿ ಪಕ್ಕದ್ದೇ ಬೇಕು ಅಂತ ಹದಿನೈದು ದಿನ ಮುಂಚೆಯೇ.