ಡಾಂಬರು ರಸ್ತೆಯ ಜೋಡಣೆ ಬಾಯಿ ಬಿಡದಿರಲು

ತೀರ್ಥಹಳ್ಳಿ ಕಡೆಯ ಒಂದು ರಸ್ತೆಗೆ ಮಾರ್ಚ್‌ನಲ್ಲಿ ಡಾಂಬರು ಹಾಕಿಸಿದ್ದೆ. ಜುಲೈ ಮಳೆಗೆ ನಡುವಿನ ಜೋಡಣೆ, ಅಂದರೆ ಅಕ್ಕಪಕ್ಕ ಹಾಕಿದ ಎರಡು ಡಾಂಬರು ಪಟ್ಟಿಗಳು ಸೇರುವ ಗೆರೆ, ಉದ್ದಕ್ಕೂ ಬಾಯಿ ಬಿಟ್ಟಿತು. ತಪ್ಪು ನನ್ನದೇ. ಮೊದಲ ಪಟ್ಟಿಯ ಅಂಚು ಕತ್ತರಿಸದೆ ಪಕ್ಕದ ಪಟ್ಟಿ ಎಳೆಸಿಬಿಟ್ಟಿದ್ದೆ.

ಆ ಅಂಚಿಗೆ ಪಕ್ಕದಲ್ಲಿ ಆಸರೆ ಇರುವುದಿಲ್ಲ. ರೋಲರ್ ಹತ್ತಿದರೆ ಮಾಲು (ಜಲ್ಲಿ-ಡಾಂಬರಿನ ಮಿಶ್ರಣ) ಹೊರಕ್ಕೆ ಜಾರುತ್ತದೆ, ಗಟ್ಟಿಯಾಗುವುದಿಲ್ಲ. ಬೂಟಿನ ತುದಿಯಲ್ಲಿ ಕೆದರಿದರೂ ಜಲ್ಲಿ ಉದುರುತ್ತದೆ. ಈಗ ನಾನು 10-15 ಸೆಂಟಿಮೀಟರ್ ಅಂಚನ್ನು ನೆಟ್ಟಗೆ ಕತ್ತರಿಸಿ ತೆಗೆಸುತ್ತೇನೆ. ಮಾಲು ದಂಡ ಅಂತ ಗೊಣಗುವವರು ಇದ್ದೇ ಇರುತ್ತಾರೆ, ಗೊಣಗಲಿ. ಆಮೇಲೆ ಧೂಳು ಗುಡಿಸಿ, ಕತ್ತರಿಸಿದ ಮುಖಕ್ಕೆಲ್ಲ ಬಿಟುಮೆನ್ (ಜಲ್ಲಿ ಸೇರದ ಅಂಟು ಡಾಂಬರು) ಬಳಿಸಬೇಕು. ನಮ್ಮ ಮಲೆನಾಡಲ್ಲಿ ಬೆಳಿಗ್ಗೆ ಇಬ್ಬನಿ ಜಾಸ್ತಿ ಅಲ್ವಾ? ಬಳಿಯುವ ಮೊದಲು ಕೈಯಿಟ್ಟು ನೋಡಿ, ತೇವ ಇದ್ದರೆ ಬಿಸಿಲು ಬರಲಿ.

ಹೊಸ ಮಾಲು ಹಳೆಯದರ ಮೇಲೆ ಸುಮಾರು 1 ಸೆಂಟಿಮೀಟರ್ ಏರಿದರೆ ಸಾಕು. ಆದರೆ ಎತ್ತರ ಬೇಕು. ಒತ್ತಿದ ಮೇಲೆ 5 ಸೆಂಟಿಮೀಟರ್ ಉಳಿಯಬೇಕಾದರೆ ಮೊದಲು 6ಕ್ಕಿಂತ ಸ್ವಲ್ಪ ಜಾಸ್ತಿಯೇ ಹಾಕಿಸಿ. ಸುಮ್ನೆ ರೇಕ್ ಹಿಡಿದು ಆ ಏರಿದ ಮಾಲನ್ನು ಆಚೆ ಎಳೆಯಬೇಡಿ. ಜೋಡಣೆ ತುಂಬುವ ಮಾಲೇ ಅದು.

ರೋಲರ್ ಬಿಸಿ ಕಡೆಯಲ್ಲೇ, ಅಂದರೆ ಹೊಸ ಪಟ್ಟಿಯ ಮೇಲೇ ಓಡಲಿ, ತಣ್ಣಗಿನ ಹಳೇ ಪಟ್ಟಿಯ ಕಡೆಗೆ 15 ಸೆಂಟಿಮೀಟರ್ ಮಾತ್ರ ಚಾಚಲಿ. ಪೂರ್ತಿ ತಣ್ಣಗಿನ ಕಡೆ ನಿಂತರೆ ಭಾರವೆಲ್ಲ ಗಟ್ಟಿ ರಸ್ತೆಯ ಮೇಲೇ ಹೋಗುತ್ತದೆ.

ಎರಡು ಪದರವಿದ್ದರೆ ಮೇಲಿನ ಜೋಡಣೆಯನ್ನು ಕೆಳಗಿನದರಿಂದ 15 ಸೆಂಟಿಮೀಟರ್ ಪಕ್ಕಕ್ಕೆ ಸರಿಸಿ. ಚಕ್ರ ಓಡುವ ಜಾಗಕ್ಕಂತೂ ಅದು ಬರಬಾರದು.