ಸ್ಲೈಡಿಂಗ್ ಗೇಟಿಗೆ ಮೋಟರು: ತಂತಿ ತುಂಡಾದರೂ ಗೇಟು ನಿಲ್ಲುವಂತೆ

ಮೋಟರು ಕೂರಿಸುವ ಮೊದಲು ನಾನು ನೋಡುವುದು ಗೇಟನ್ನೇ. ಒಂದು ಕೈಯಲ್ಲಿ ಎಳೆದರೆ ಆ ತುದಿಯಿಂದ ಈ ತುದಿಗೆ ಎಲ್ಲೂ ತಡೆಯದೆ ಓಡಬೇಕು, ಕೈ ಬಿಟ್ಟ ಕಡೆ ನಿಲ್ಲಬೇಕು. ಹಳಿ ಇಳಿಜಾರಾಗಿದ್ದು ಗೇಟು ತಾನೇ ಉರುಳುತ್ತಿದ್ದರೆ ಮೊದಲು ಹಳಿ ಸರಿಪಡಿಸಬೇಕು. ಇಲ್ಲದಿದ್ದರೆ ಕರೆಂಟು ಹೋದ ದಿನ ಕೀಲಿ ತಿರುಗಿಸಿ ಮೋಟರಿನ ಗೇರು ಬಿಡಿಸಿದ ಕೂಡಲೇ ಅದು ಓಡುತ್ತದೆ. ಎರಡೂ ತುದಿಯಲ್ಲಿ ಗಟ್ಟಿ ಕಬ್ಬಿಣದ ಸ್ಟಾಪರ್ ಇರಲೇಬೇಕು. ತುದಿ ಮುಟ್ಟಿದಾಗ ಮೋಟರನ್ನು ನಿಲ್ಲಿಸುವ ಲಿಮಿಟ್ ಸ್ವಿಚ್ಚನ್ನು ನಂಬಿ ಸ್ಟಾಪರ್ ಬಿಡುವವರಿದ್ದಾರೆ. ಲಿಮಿಟ್ ಕೈಕೊಟ್ಟರೆ ಗೇಟು ತನ್ನನ್ನು ನೆಟ್ಟಗೆ ಹಿಡಿದಿರುವ ಮೇಲಿನ ಗೈಡ್ ರೋಲರ್ ದಾಟಿ ಬೀಳುತ್ತದೆ. 400 ಕೆಜಿ ಕಬ್ಬಿಣ ಮೈಮೇಲೆ ಬಿದ್ದರೆ ಜೀವ ಉಳಿಯುವುದು ಕಷ್ಟ. ಸ್ಟಾಪರಿನ ವೆಲ್ಡಿಂಗ್ ಆಗುವವರೆಗೆ ಮೋಟರಿನ ಡಬ್ಬಿ ಬಿಚ್ಚುವುದೇ ಇಲ್ಲ.

ಅಷ್ಟು ತೂಕದ ಗೇಟಿಗೆ 800 ಕೆಜಿ ಸಾಮರ್ಥ್ಯದ ಮೋಟರು ಹಾಕುತ್ತೇನೆ. ಬೇಸ್ ಪ್ಲೇಟಿಗೆ ಸುಮಾರು 40 ಸೆಂ.ಮೀ ಉದ್ದ, 30 ಅಗಲ, 40 ಆಳದ ಕಾಂಕ್ರೀಟು. ಮಳೆ ನೀರು ಮುಟ್ಟದಂತೆ ಅದು ನೆಲದಿಂದ 5–10 ಸೆಂ.ಮೀ ಮೇಲಿರಬೇಕು. ಕಾಂಕ್ರೀಟು ಸುರಿಯುವ ಮೊದಲೇ ಎರಡು ಪೈಪು ಬರಬೇಕು: ಒಂದು 230 ವೋಲ್ಟಿಗೆ, ಇನ್ನೊಂದು ಸೆನ್ಸರ್ ಮತ್ತು ಸ್ವಿಚ್ಚಿನ ತಂತಿಗೆ. ಎರಡನ್ನೂ ಒಂದೇ ಪೈಪಿನಲ್ಲಿ ಎಳೆದರೆ ಗೇಟು ಕಾರಣವಿಲ್ಲದೆ ನಿಲ್ಲಬಹುದು, ತೆರೆದುಕೊಳ್ಳಲೂಬಹುದು. ಇನ್ಸುಲೇಶನ್ ಸುಲಿದರೆ ಕೈಯಿಡುವ ಸ್ವಿಚ್ಚಿಗೇ ಮೇನ್ ಕರೆಂಟು ಬರಬಹುದು.

ರ‍್ಯಾಕ್ (ಗೇಟಿಗೆ ಬಿಗಿಯುವ ಹಲ್ಲುಪಟ್ಟಿ) ಕೂರಿಸುವಾಗ ಪಿನಿಯನ್ನಿನ (ಮೋಟರಿನ ಹಲ್ಲುಚಕ್ರ) ಹಲ್ಲಿಗೂ ರ‍್ಯಾಕಿಗೂ ನಡುವೆ 1ರಿಂದ 2 ಮಿ.ಮೀ ಸಂದು ಬಿಡುತ್ತೇನೆ. ಸಂದಿಲ್ಲದಿದ್ದರೆ ಗೇಟಿನ ಭಾರವೆಲ್ಲ ಪಿನಿಯನ್ ಮೇಲೆ ಕೂತು ಬೇರಿಂಗ್ ಹೋಗುತ್ತದೆ. ಎರಡು ತುಂಡು ಸೇರುವಲ್ಲಿ ಮೂರನೆಯ ತುಂಡನ್ನು ತಲೆಕೆಳಗಾಗಿಸಿ ಒತ್ತಿ ಹಿಡಿದರೆ ಹಲ್ಲಿನ ಅಂತರ ಸರಿಯಾಗಿ ಕೂರುತ್ತದೆ. ಆಮೇಲೆ ಗೇರು ಬಿಡಿಸಿ ಗೇಟನ್ನು ಉದ್ದಕ್ಕೂ ತಳ್ಳಿ ನೋಡಬೇಕು.

ಕರೆಂಟಿಗೆ ಡಿಬಿಯಿಂದಲೇ (ಮನೆಯ ಎಂಸಿಬಿಗಳಿರುವ ಪೆಟ್ಟಿಗೆ) ಪ್ರತ್ಯೇಕ ಲೈನು: 6 ಆಂಪಿಯರ್ ಸಿ-ಕರ್ವ್ (ಮೋಟರು ಹೊರಡುವಾಗಿನ ಹೆಚ್ಚು ಕರೆಂಟಿಗೆ ಬೀಳದ) ಎಂಸಿಬಿ, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ಲೈನು ಕಡಿಯುವ ಸ್ವಿಚ್ಚು), 1.5 ಸ್ಕ್ವೇರ್ ಎಂಎಂ ಮೂರು ಕೋರಿನ ತಾಮ್ರದ ಕೇಬಲ್. ದೂರ ಹೆಚ್ಚಿದ್ದರೆ 2.5. ಮೋಟರಿನ ಲೋಹದ ಮೈಗೆ ಅರ್ಥ್ ತಂತಿಯನ್ನು ಮೊದಲು ಬಿಗಿದು, ಉಳಿದವು ನಂತರ. ಗೇಟಿನ ಹತ್ತಿರ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಐಸೊಲೇಟರ್ ಬೇಕು. ನಮ್ಮ ಮನೆಗಳಲ್ಲಿ ಇದು ಇನ್ನಷ್ಟು ಮುಖ್ಯ, ಏಕೆಂದರೆ ಗೇಟನ್ನು ಇನ್ವರ್ಟರ್‌ಗೆ ಕೊಟ್ಟಿದ್ದರೆ ಮೀಟರ್ ಬೋರ್ಡಿನಲ್ಲಿ ಮೇನ್ ಇಳಿಸಿದರೂ ಆ ಲೈನಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಇನ್ವರ್ಟರ್ ಲೈನಿನ ನ್ಯೂಟ್ರಲ್ಲು ಬೇರೆ ಲೈನಿನದರ ಜೊತೆ ಬೆರೆತಿದ್ದರೆ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಆಗ ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡುವ ಅಭ್ಯಾಸ ಬಹಳ ಕೆಟ್ಟದ್ದು. ನ್ಯೂಟ್ರಲ್ ಬೇರ್ಪಡಿಸಿ, ಇಲ್ಲವೇ ಬ್ಯಾಟರಿ ಇರುವ 24 ವೋಲ್ಟ್ ಡಿಸಿ ಮೋಟರು ಆರಿಸಿ. ಎಸಿ ಮೋಟರಿನಲ್ಲಿ ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರಬಹುದು. ಮಲ್ಟಿಮೀಟರಿನಿಂದ ನೋಡದೆ ಟರ್ಮಿನಲ್ ಮುಟ್ಟಬೇಡಿ.

ಸುರಕ್ಷತೆಯ ಜೀವಾಳ ಫೋಟೋಸೆಲ್ ವೈರಿಂಗ್. ಒಂದು ಕಡೆಯ ಟ್ರಾನ್ಸ್‌ಮಿಟರ್ ಕಿರಣ ಕಳಿಸುತ್ತದೆ, ಎದುರಿನ ರಿಸೀವರ್ ಹಿಡಿಯುತ್ತದೆ; ನಡುವೆ ಯಾರಾದರೂ ಬಂದರೆ ಗೇಟಿಗೆ ತಿಳಿಯುತ್ತದೆ. ಟ್ರಾನ್ಸ್‌ಮಿಟರಿಗೆ ಎರಡು ತಂತಿ, ರಿಸೀವರಿಗೆ ನಾಲ್ಕು: ಎರಡು ಸಪ್ಲೈಗೆ, ಎರಡು ಕಾಂಟ್ಯಾಕ್ಟಿಗೆ. ಕಾಂಟ್ಯಾಕ್ಟನ್ನು ಕಾಮನ್ ಮತ್ತು ಎನ್‌ಸಿ ನಡುವೆ, ಅಂದರೆ ಎಲ್ಲ ಸರಿ ಇದ್ದಾಗ ಮುಚ್ಚಿರುವ ಸರ್ಕ್ಯೂಟಾಗಿ ಕೊಡಬೇಕು. ಇಲಿ ತಂತಿ ಕಡಿದರೂ, ಕನೆಕ್ಟರ್ ತುಕ್ಕು ಹಿಡಿದರೂ, ಸರ್ಕ್ಯೂಟ್ ತೆರೆದು ಗೇಟು ಮುಚ್ಚಲು ಒಪ್ಪುವುದಿಲ್ಲ. ಎನ್‌ಓ (ಎಲ್ಲ ಸರಿ ಇದ್ದಾಗ ತೆರೆದಿರುವ ಸರ್ಕ್ಯೂಟು) ಕೊಟ್ಟರೆ ತುಂಡಾದ ತಂತಿಯ ಸುದ್ದಿ ಮೋಟರಿನ ಕಂಟ್ರೋಲ್ ಬೋರ್ಡಿಗೆ ತಿಳಿಯುವುದೇ ಇಲ್ಲ. ಎರಡು ಜೊತೆ ಸೆಲ್ ಇದ್ದರೆ ಅವುಗಳ ಎನ್‌ಸಿಗಳನ್ನು ಸೀರೀಸಿನಲ್ಲಿ ಸೇರಿಸಿ. ಕಾರ್ಖಾನೆಯಿಂದ ಬರುವಾಗಲೇ ಬೋರ್ಡಿನ ಆ ಟರ್ಮಿನಲ್‌ಗಳ ನಡುವೆ ಚಿಕ್ಕ ಜಂಪರ್ ತಂತಿ ಇರಬಹುದು. ಅದನ್ನು ತೆಗೆಯದಿದ್ದರೆ ಸೆಲ್ ದೀಪ ಉರಿಯುತ್ತಿದ್ದರೂ ಗೇಟು ಅದನ್ನು ಕೇಳುವುದಿಲ್ಲ.

ಸೆಲ್ಲಿನ ಎತ್ತರ ಸುಮಾರು 50 ಸೆಂ.ಮೀ ಇಟ್ಟರೆ ಮಗುವೂ ಸ್ಕೂಟರಿನ ಚಕ್ರವೂ ಸಿಗುತ್ತವೆ. ಬೆಳಗಿನ ಅಥವಾ ಸಂಜೆಯ ಬಿಸಿಲು ನೇರ ಬೀಳುವ ಕಡೆ ರಿಸೀವರ್ ಮುಖ ಮಾಡಬೇಡಿ. ಆದರೆ ಫೋಟೋಸೆಲ್ಲಿನ ಕಿರಣ ಒಂದೇ ಗೆರೆ; ಗೇಟಿನ ಅಂಚಿಗೆ ತಾಗಿ ನಿಂತವರನ್ನು ಅದು ಕಾಣದು. ಅದಕ್ಕೆ ಮುಂಚೂಣಿ ಅಂಚಿನಲ್ಲಿ ರಬ್ಬರ್ ಸೇಫ್ಟಿ ಎಡ್ಜ್ ಹಾಕುತ್ತೇನೆ. ಅದರ ತುದಿಯಲ್ಲಿ 8.2 ಕಿಲೋ-ಓಮ್ ರೆಸಿಸ್ಟರ್ ಇರುವುದರಿಂದ ಒತ್ತಿದ್ದೋ, ತಂತಿ ತುಂಡಾದದ್ದೋ ಎಂದು ಬೋರ್ಡಿಗೆ ಗೊತ್ತಾಗುತ್ತದೆ. ಬೋರ್ಡಿನಲ್ಲೂ ಅದಕ್ಕೆ 8ಕೆ2 ಇನ್‌ಪುಟ್ ಇರಬೇಕು. ಗೇಟಿನ ಸರಳುಗಳು ಗೋಡೆಯ ಪಕ್ಕ ಸರಿಯುವಲ್ಲಿ ಮಗುವಿನ ಕೈ ಸಿಲುಕದಂತೆ ಜಾಲರಿಯನ್ನೂ ಹೊಡೆಸಬೇಕು.

ಮೊದಲ ಸಲ ಓಡಿಸುವಾಗ ಗೇಟನ್ನು ಮಧ್ಯಕ್ಕೆ ತಂದು ಗೇರು ಹಾಕಿ, ಆಮೇಲೆ ಆನ್ ಮಾಡುತ್ತೇನೆ. ದಿಕ್ಕು ತಪ್ಪಿದ್ದರೆ ಎಸಿ ಮೋಟರಿನಲ್ಲಿ ಕಾಮನ್ ಬಿಟ್ಟು ಉಳಿದೆರಡು ತಂತಿ ಅದಲುಬದಲು ಮಾಡಬೇಕು. ಜೊತೆಗೆ ಲಿಮಿಟ್ ತಂತಿಗಳೂ ಹೊಂದಿಕೆಯಾಗಿವೆಯೇ ನೋಡಬೇಕು, ಇಲ್ಲವಾದರೆ ಗೇಟು ಹೋಗಿ ಸ್ಟಾಪರಿಗೆ ಗುದ್ದುತ್ತದೆ. ಫೋರ್ಸನ್ನು ಗೇಟು ಓಡಲು ಬೇಕಾದಷ್ಟೇ ಇಡಬೇಕು. ಐರೋಪ್ಯ ಮಾನದಂಡ ಇಎನ್ 12453 ಪ್ರಕಾರ ಮುಚ್ಚುವ ಅಂಚು ಒತ್ತುವ ಬಲ 400 ನ್ಯೂಟನ್ ಮೀರಬಾರದು, 0.75 ಸೆಕೆಂಡಿನೊಳಗೆ 150ಕ್ಕೆ ಇಳಿಯಬೇಕು. ಪರೀಕ್ಷೆಗೆ ಕೈ ಬೇಡ, ಮರದ ತುಂಡು ಇಡಿ. ಆಟೋ-ಕ್ಲೋಸ್ (ಗೇಟು ತಾನೇ ಮುಚ್ಚಿಕೊಳ್ಳುವುದು) ಹಾಕುವುದು, ಸೆಲ್ಲು ಮತ್ತು ಎಡ್ಜು ಎರಡೂ ಮುಚ್ಚುತ್ತಿರುವ ಗೇಟನ್ನು ಹಿಂದಕ್ಕೆ ಓಡಿಸಿದ್ದನ್ನು ನೋಡಿದ ಮೇಲಷ್ಟೇ.

ಕೊನೆಯಲ್ಲಿ ಪೈಪಿನ ಬಾಯಿ ಫೋಮಿನಿಂದ ಮುಚ್ಚಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಇರುವೆ, ಹಲ್ಲಿ ಒಳಬಂದು ಬೋರ್ಡ್ ಶಾರ್ಟ್ ಮಾಡುತ್ತವೆ. ಬಿಡುಗಡೆ ಕೀಲಿ ಒಂದು ಮನೆಯಲ್ಲಿ, ಒಂದು ಕಾವಲುಗಾರನ ಬಳಿ. ಹಿರಿಯರೂ ಸೇರಿ ಎಲ್ಲರ ಕೈಯಲ್ಲೂ ಒಮ್ಮೆ ಗೇರು ಬಿಡಿಸಿ ಗೇಟು ತಳ್ಳಿಸಿ ನೋಡುತ್ತೇನೆ. ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಸೆಲ್ಲಿನ ಗಾಜು ಒರೆಸಿ, ಗೇಟು ಮುಚ್ಚುತ್ತಿರುವಾಗ ಕಿರಣಕ್ಕೆ ಕೋಲು ಅಡ್ಡ ಹಿಡಿಯಲು ಹೇಳಿ ಬರುತ್ತೇನೆ.