ಮೊರಕ್ಕೆ ಕುಟ್ಟೆ ಹಿಡಿಯದ ಹಾಗೆ ಬಿದಿರು ಹದ ಮಾಡುವುದು ಹೇಗೆ?

ಗೌರಿ ಹಬ್ಬಕ್ಕೆ ತಂದ ಬಾಗಿನದ ಮೊರವನ್ನು ದೀಪಾವಳಿ ಹೊತ್ತಿಗೆ ಅಟ್ಟದಿಂದ ಇಳಿಸಿ ತಟ್ಟಿ ನೋಡಿ. ಸೂಜಿಮೊನೆಯಂಥ ತೂತುಗಳಿಂದ ಕಡಲೆಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹುಳು ಹೊಕ್ಕಿದೆ ಅಂತಲೇ ಅರ್ಥ. ‘ಬಿದಿರು ಬಾಳಿಕೆ ಬರಲ್ಲ’ ಅಂತ ಜನ ಪ್ಲಾಸ್ಟಿಕ್ ಮೊರ ತರುತ್ತಾರೆ. ಮೇದಾರರಿಗೆ ಒಬ್ಬ ಗಿರಾಕಿ ಕಮ್ಮಿ. ಇದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ಕುಟ್ಟೆಯನ್ನು ತಡೆಯಬಹುದು, ಆದರೆ ಹೆಣೆಯುವ ಮೊದಲೇ ತಡೆಯಬೇಕು.

1. ಕಡಿಯುವುದು: ಹುಳು ಬರುವುದು ಬಿದಿರಿನ ಪಿಷ್ಟ ತಿನ್ನಲು. ಮಳೆಗಾಲದಲ್ಲಿ ಕಳಲೆ, ಅಂದರೆ ಬಿದಿರಿನ ಹೊಸ ಮೊಳಕೆ, ಏಳುವ ಮುಂಚೆ ಪಿಷ್ಟ ಜಾಸ್ತಿ, ಎದ್ದ ಮೇಲೆ ಕಮ್ಮಿ. ಆದ್ದರಿಂದ ಮಳೆಗಾಲ ಮುಗಿದ ಮೇಲೆ ಕಡಿಯಿರಿ. ಆ ವರ್ಷ ಎದ್ದ ಎಳೆ ಗಳ ಬೇಡವೇ ಬೇಡ.

2. ನೆನೆಸುವುದು: ಎಲ್ಲರೂ ಎಡವುವುದು ಇಲ್ಲೇ. ಎರಡು ದಿನ ತೊಟ್ಟಿಯಲ್ಲಿಟ್ಟು ‘ನೆನೆಯಿತು’ ಅಂದುಬಿಡುತ್ತಾರೆ. ಅಷ್ಟಕ್ಕೆ ಹೊರಗಿನ ಮಣ್ಣು ಹೋಗುತ್ತದೆ, ಪಿಷ್ಟ ಹೋಗುವುದಿಲ್ಲ. ಕಮ್ಮಿ ಅಂದರೂ ನಾಲ್ಕು ವಾರ ಬೇಕು. ಹರಿಯುವ ಹಳ್ಳದ ನೀರಾದರೆ ಬಹಳ ಒಳ್ಳೆಯದು. ಬಿದಿರು ತೇಲುತ್ತದೆ, ಹಾಗಾಗಿ ಮೇಲೆ ದಪ್ಪ ಕಲ್ಲು ಹೇರಿ. ನೀರಿನಿಂದ ಮೇಲೆ ನಾಲ್ಕು ಬೆರಳು ಉಳಿದರೂ ಮುಂದೆ ಹುಳುವಿಗೆ ಅದೇ ಬಾಗಿಲು. ತೊಟ್ಟಿಯ ನೀರು ವಾರದೊಳಗೆ ನೊರೆಕಟ್ಟಿ ನಾರುತ್ತದೆ. ಹೆದರಿ ಬಿದಿರು ಎತ್ತಬೇಡಿ. ಪಿಷ್ಟ ಕರಗಿ ಕೊಳೆಯುತ್ತಿರುವ ವಾಸನೆ ಅದು. ವಾರವಾರ ನೀರು ಮಾತ್ರ ಬದಲಿಸಿ.

3. ಸೀಳಿ, ನೆರಳಲ್ಲಿ ಒಣಗಿಸಿ, ಹೆಣೆಯಿರಿ.

ವಾರ್ನಿಷ್ ಹೊಡೆದರೆ ಸಾಲದಾ ಅಂತ ಕೇಳುವವರಿದ್ದಾರೆ. ಸಾಲದು. ಒಳಗೆ ಸೇರಿದ ಹುಳು ಮೇಲಿನ ಹೊಳಪಿಗೆ ಸಾಯುವುದಿಲ್ಲ. ಬೋರಿಕ್ ಆಮ್ಲ, ಬೋರಾಕ್ಸ್ ಬೆರೆಸಿದ ನೀರು ಕೆಲಸ ಮಾಡುತ್ತದೆ, ನಿಜ. ಬಟ್ಟೆ ಬುಟ್ಟಿಗೆ ಬಳಸಿ. ಅಕ್ಕಿ ಕೇರುವ ಮೊರಕ್ಕೆ ಖಂಡಿತ ಬೇಡ. ಊಟದ ಪದಾರ್ಥಕ್ಕೆ ಸೋಕುವಂಥದಕ್ಕೆ ಒಲೆಯ ಹೊಗೆಯೇ ಸರಿ. ಸೌದೆ ಒಲೆ ಇರುವ ಮನೆಯಾದರೆ ಮೊರವನ್ನು ಅದರ ಮೇಲೆ ಎತ್ತರದಲ್ಲಿ ತೂಗುಹಾಕಿ.

4. ಸಾರಿಸುವುದು: ನೆನೆಸಿದ ಮೆಂತ್ಯವನ್ನು ನುಣ್ಣಗೆ ರುಬ್ಬಿ, ಸಂದುಗಳಿಗೆಲ್ಲ ತುಂಬುವಂತೆ ಬಳಿಯಿರಿ.

ಈಗಾಗಲೇ ಪುಡಿ ಉದುರುತ್ತಿದೆಯಾ? ಮೆಂತ್ಯ ಬಳಿಯದ ಮೊರವಾದರೆ ಕುದಿಯುವ ನೀರಲ್ಲಿ ಪೂರ್ತಿ ಅದ್ದಿ, ಚೆನ್ನಾಗಿ ಒಣಗಿಸಿ.

ಹೊಸ ಮೊರ ಕೊಳ್ಳುವಾಗ ಬಿದಿರು ಎಷ್ಟು ದಿನ ನೀರಲ್ಲಿತ್ತು ಅಂತ ಕೇಳಿ. ತಿಂಗಳು ಇಟ್ಟಿದ್ವಿ ಅಂದರೆ ಚೌಕಾಸಿ ಮಾಡದೆ ಹಣ ಕೊಡಿ.